ಸಾರೋಟಿನ ದಾವೆ, ಜೀಪಿನ ತೀರ್ಪು

ಬೀದಿಯಲ್ಲಿ ಮೋಟಾರು ಬಡಿದು ಒಬ್ಬನು ಸತ್ತರೆ ಜನ ಮೊದಲು ಹಿಡಿಯುವುದು ಡ್ರೈವರನ್ನು. ಆದರೆ ಸತ್ತವನ ಸಂಸಾರಕ್ಕೆ ಪರಿಹಾರ ಕೊಡೆಂದರೆ, ಸಂಬಳವನ್ನೇ ನಂಬಿದ ಡ್ರೈವರು ಎಲ್ಲಿಂದ ತಂದಾನು? ಆದ್ದರಿಂದಲೇ, ಕೆಲಸದ ವೇಳೆಯಲ್ಲಿ ಆಳು ಮಾಡಿದ ತಪ್ಪಿಗೆ ಯಜಮಾನನೂ ಹೊಣೆಯೆಂದು ಕಾನೂನು ಹೇಳುತ್ತದೆ. ಆ ಯಜಮಾನನು ಸರ್ಕಾರವೇ ಆಗಿದ್ದರೆ? ಈ ಪ್ರಶ್ನೆ ಉದಯಪುರದ ಒಬ್ಬ ವಿಧವೆಯ ದಾವೆಯಾಗಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತು.

1952ರ ಫೆಬ್ರವರಿ ತಿಂಗಳು. ಉದಯಪುರದ ಕಲೆಕ್ಟರರ ಉಪಯೋಗಕ್ಕಿದ್ದ ಸರ್ಕಾರಿ ಜೀಪು ರಿಪೇರಿಯಾಗಿ ಅವರ ಬಂಗಲೆಗೆ ಹಿಂದಿರುಗುತ್ತಿತ್ತು. ನಡೆಸುತ್ತಿದ್ದವನು ಇನ್ನೂ ಖಾಯಂ ಆಗದ ಡ್ರೈವರು. ಕಾಲುದಾರಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬರಿಗೆ ಜೀಪು ಬಡಿಯಿತು. ಮೂರು ದಿನಗಳ ಮೇಲೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪತ್ನಿಯೂ ಎಳೆಯ ಮಗಳೂ 25,000 ರೂಪಾಯಿ ಪರಿಹಾರ ಕೇಳಿ ಡ್ರೈವರನ ಮೇಲೂ ರಾಜಸ್ಥಾನ ಸರ್ಕಾರದ ಮೇಲೂ ದಾವೆ ಹೂಡಿದರು. ಕೆಳಗಿನ ಕೋರ್ಟು ಡ್ರೈವರನ ಮೇಲೆ ಮಾತ್ರ ಡಿಕ್ರಿ ಕೊಟ್ಟು ಸರ್ಕಾರವನ್ನು ಬಿಟ್ಟಿತು. ಹೈಕೋರ್ಟು ಸರ್ಕಾರವೂ ಹೊಣೆಯೆಂದು ಹೇಳಿ 15,000 ರೂಪಾಯಿ ಗೊತ್ತುಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಸಂವಿಧಾನದ 300ನೆಯ ವಿಧಿ ಈ ವಿಷಯದಲ್ಲಿ ಹೊಸದೇನನ್ನೂ ಹೇಳದೆ ಹಳೆಯ ಕಾನೂನಿನತ್ತ ಬೆರಳು ತೋರಿಸುತ್ತದೆ. ಆ ಬೆರಳನ್ನು ಹಿಡಿದು 1935, 1915, 1858ರ ಕಾಯಿದೆಗಳನ್ನು ದಾಟಿದರೆ ಕೊನೆಗೆ ಉಳಿಯುವ ಪ್ರಶ್ನೆ ಇಷ್ಟೆ: ಇಂಥ ಸಂದರ್ಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೊಣೆಯಾಗುತ್ತಿತ್ತೆ?

ಅದಕ್ಕೆ ಉತ್ತರ 1861ರ ಕಲ್ಕತ್ತೆಯ ತೀರ್ಪೊಂದರಲ್ಲಿತ್ತು. ಕಿಡ್ಡರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ಉಗಿಹಡಗಿನ ರಿಪೇರಿಗೆಂದು ಭಾರಿ ಕಬ್ಬಿಣವನ್ನು ಹೊತ್ತು ನಡುರಸ್ತೆಯಲ್ಲಿ ಸಾಗುತ್ತಿದ್ದರು. ಪಿ. ಅಂಡ್ ಓ. ಹಡಗು ಸಂಸ್ಥೆಯ ನೌಕರನೊಬ್ಬ ಕುಳಿತಿದ್ದ ಜೋಡುಕುದುರೆಯ ಸಾರೋಟು ಹತ್ತಿರ ಬಂತು. ಮುಂದಿನ ಕೂಲಿಗಳು ಒಂದು ಕಡೆಗೆ ಎಳೆದರೆ ಹಿಂದಿನವರು ಇನ್ನೊಂದು ಕಡೆಗೆ ಎಳೆದರು. ಗಾಬರಿಯಲ್ಲಿ ಕಬ್ಬಿಣವನ್ನು ದಢಾರನೆ ಕೆಡವಿದರು. ಕುದುರೆಗಳು ಬೆದರಿ ಮುನ್ನುಗ್ಗಿದವು, ಒಂದಕ್ಕೆ ಗಾಯವಾಯಿತು. ಸಂಸ್ಥೆ ಕೇಳಿದ ನಷ್ಟ 350 ರೂಪಾಯಿ. ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಅವರು, ಪ್ರಭುತ್ವ ಮಾತ್ರ ನಡೆಸಬಲ್ಲ ಕಾರ್ಯ ಬೇರೆ, ಯಾವ ಖಾಸಗಿ ವ್ಯಕ್ತಿಯೂ ನಡೆಸಬಹುದಾದ ಕೆಲಸ ಬೇರೆ. ಎರಡನೆಯದರಲ್ಲಿ ಆಳುಗಳು ಎಸಗಿದ ತಪ್ಪಿಗೆ ಸರ್ಕಾರ ಹೊಣೆ ಎಂದು ತೀರ್ಮಾನಿಸಿದರು.

1962ರ ಫೆಬ್ರವರಿ 2ರಂದು ಮುಖ್ಯ ನ್ಯಾಯಾಧೀಶ ಬಿ. ಪಿ. ಸಿನ್ಹಾ ಅವರು ಈ ಹಳೆಯ ತೀರ್ಪನ್ನೇ ಆಧರಿಸಿ ಸರ್ಕಾರದ ಅಪೀಲನ್ನು ವಜಾ ಮಾಡಿದರು. ಕಂಪನಿಯ ಕಾಲದಲ್ಲೇ ಇದ್ದ ಹೊಣೆಯನ್ನು, ಅಸಂಖ್ಯ ನೌಕರರನ್ನಿಟ್ಟುಕೊಂಡ ಗಣರಾಜ್ಯ ಕಳಚಿಕೊಳ್ಳುವುದಕ್ಕೆ ಕಾರಣವಿಲ್ಲವೆಂಬುದು ತೀರ್ಪಿನ ಸಾರ. ಕುದುರೆಯ ಗಾಯಕ್ಕೆ ದೊರೆತ ನ್ಯಾಯ ನೂರೊಂದು ವರ್ಷಗಳ ಮೇಲೆ ಮನುಷ್ಯನ ಸಾವಿಗೂ ದೊರೆಯಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೀರತ್ತಿನಲ್ಲಿ ಪೊಲೀಸರು ವಶಪಡಿಸಿಕೊಂಡ ಬಂಗಾರವನ್ನು ಅವರ ಪೈಕಿ ಒಬ್ಬನೇ ಲಪಟಾಯಿಸಿ ಪರಾರಿಯಾದನು. ಬೇಲಿಯೇ ಎದ್ದು ಹೊಲ ಮೇದಂತಾಯಿತು. ಆದರೂ ಪೊಲೀಸು ಕೆಲಸ ಪ್ರಭುತ್ವದ ಕಾರ್ಯವಾದುದರಿಂದ ಸರ್ಕಾರ ಹೊಣೆಯಲ್ಲವೆಂದು ಅದೇ ಸುಪ್ರೀಂ ಕೋರ್ಟು 1964ರಲ್ಲಿ ಹೇಳಬೇಕಾಯಿತು; ಈ ಸ್ಥಿತಿಯನ್ನು ಸರಿಪಡಿಸಲು ಶಾಸನ ಬೇಕೆಂದೂ ಸೂಚಿಸಿತು. ಕಾನೂನು ಆಯೋಗ 1956ರಲ್ಲಿಯೇ ತನ್ನ ಮೊದಲ ವರದಿಯಲ್ಲಿ ಇದನ್ನು ಕೇಳಿತ್ತು. 1967ರ ಮಸೂದೆ ಕಾಯಿದೆಯಾಗಲಿಲ್ಲ.

ರಸ್ತೆಯ ಮೇಲೆ ನಡೆಯುವವನಿಗೆ ಇದು ಬರಿಯ ಪಂಡಿತರ ಚರ್ಚೆಯಲ್ಲ. ಖಾಸಗಿ ವಾಹನಗಳಿಗೆ 1946ರಿಂದ ವಿಮೆ ಕಡ್ಡಾಯವಾಗಿದೆ. ವ್ಯಾಪಾರಕ್ಕಲ್ಲದೆ ಬಳಸುವ ಸರ್ಕಾರದ ಸ್ವಂತ ವಾಹನಗಳಿಗೆ ಇಂದಿಗೂ ಈ ಕಡ್ಡಾಯವಿಲ್ಲ. ಅಲ್ಲಿ ನೊಂದವನ ಆಸರೆ ಸರ್ಕಾರದ ಹೊಣೆಯೊಂದೇ.

1982ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, ಡ್ರೈವರನ ತಪ್ಪನ್ನು ರುಜುವಾತುಪಡಿಸದೆಯೇ ವಾಹನದ ಮಾಲೀಕನಿಂದ ಮೃತನ ಮನೆಯವರಿಗೆ ನಿಗದಿಯಾದ ಹಣ ದೊರೆಯುವಂತಾಯಿತು. ಆ ಮೊತ್ತ 15,000 ರೂಪಾಯಿ. ಉದಯಪುರದ ತಾಯಿ ಮಗಳು ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಪಡೆದದ್ದೂ ಅಷ್ಟೇ.