ಸಮವಸ್ತ್ರದ ನಂತರದ ಹೋರಾಟ

ಸೇನೆಯಲ್ಲಿರುವ ಮಹಿಳೆಯರ ಬಗ್ಗೆ ನಮ್ಮ ಪತ್ರಿಕೆಗಳು ಬರೆದಾಗಲೆಲ್ಲ ‘ಮೊದಲ ಮಹಿಳೆ’ ಎಂಬ ಮಾತು ತಲೆಬರಹದಲ್ಲಿ ಇದ್ದೇ ಇರುತ್ತದೆ. ಆ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಈ ಕ್ಷೇತ್ರ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ತಿಳಿಯಬೇಕಾದರೆ ಸೇವಾ ನಿಯಮಗಳನ್ನು ಓದಬೇಕು. ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಯಾರ ಮೇಲೆ ಅಧಿಕಾರ ಕೊಡುತ್ತಾರೆ, ಮನೆಗೆ ಕಳಿಸುವಾಗ ಪಿಂಚಣಿ ಇದೆಯೇ?

ಭಾರತದಲ್ಲಿ 1888ರಿಂದಲೇ ಸೇನಾ ಆಸ್ಪತ್ರೆಗಳಲ್ಲಿ ದಾದಿಯರಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟಿಷರು ಕಚೇರಿ, ಸಂಪರ್ಕದ ಕೆಲಸಗಳಿಗಾಗಿ ಮಹಿಳೆಯರ ಸಹಾಯಕ ದಳ ಕಟ್ಟಿದರು. ಕೈಗೆ ಬಂದೂಕು ಕೊಟ್ಟವರು ಸುಭಾಷ್‌ಚಂದ್ರ ಬೋಸರು. 1943ರಲ್ಲಿ ಸಿಂಗಪುರದಲ್ಲಿ ಡಾ. ಲಕ್ಷ್ಮಿ ಸ್ವಾಮಿನಾಥನ್ ಮುಂದಾಳತ್ವದಲ್ಲಿ ಶುರುವಾದ ಝಾನ್ಸಿ ರಾಣಿ ರೆಜಿಮೆಂಟಿಗೆ ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಕಾರರ ಎಷ್ಟೋ ಹೆಣ್ಣುಮಕ್ಕಳು ಸೇರಿದರು.

ಏಳೇ ವರ್ಷಗಳ ನಂತರ, 1950ರಲ್ಲಿ, ಸ್ವತಂತ್ರ ಭಾರತ ತನ್ನ ಸೇನಾ ಕಾಯ್ದೆ ಬರೆಯಿತು. ಅದರ 12ನೇ ಕಲಮಿನಂತೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳನ್ನು ಬಿಟ್ಟರೆ ಬೇರೆಲ್ಲೂ ಮಹಿಳೆಗೆ ಸೇರುವ ಅರ್ಹತೆ ಇಲ್ಲ. ಲಿಂಗದ ಹೆಸರಿನ ತಾರತಮ್ಯ ಸಲ್ಲದು ಎಂದ ಸಂವಿಧಾನವೂ ಅದೇ ವರ್ಷ ಜಾರಿಗೆ ಬಂದಿತ್ತು. ಮುಂದಿನ ನಾಲ್ಕು ದಶಕ ಮಹಿಳೆಗೆ ಸೇನೆಯಲ್ಲಿದ್ದದ್ದು ವೈದ್ಯಕೀಯ ಮತ್ತು ಶುಶ್ರೂಷಾ ವಿಭಾಗಗಳ ದಾರಿಯಷ್ಟೇ. ನಮ್ಮ ಕಿತ್ತೂರಿನಲ್ಲಿ 1969ರಲ್ಲೇ ರಾಣಿ ಚನ್ನಮ್ಮನ ಹೆಸರಿನಲ್ಲಿ ಬಾಲಕಿಯರ ಸೈನಿಕ ಶಾಲೆ ಆರಂಭವಾಯಿತು. ಕವಾಯತು, ಶಿಸ್ತು ಎಲ್ಲ ಕಲಿತು ಹೊರಬಂದ ಆ ಹುಡುಗಿಯರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆಗೆ ಅರ್ಜಿಯನ್ನೂ ಹಾಕುವಂತಿರಲಿಲ್ಲ. ಒಂದೆರಡು ವರ್ಷವಲ್ಲ, ಅರ್ಧ ಶತಮಾನ ಹೀಗೇ ನಡೆಯಿತು. ಚನ್ನಮ್ಮನನ್ನು ಇಷ್ಟು ಕೊಂಡಾಡುವ ನಮ್ಮ ನಾಡಿನಲ್ಲಿ ಇದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

1992ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಅಂಚೆ, ಕಾನೂನು, ಶಿಕ್ಷಣ, ಸರಬರಾಜಿನಂಥ ಕೆಲವೇ ವಿಭಾಗಗಳಿಗೆ, ಅದೂ ಐದು ವರ್ಷದ ಅವಧಿಗೆ. ಪ್ರಿಯಾ ಝಿಂಗನ್ ಅವರಿದ್ದ ಮೊದಲ ತಂಡ 1993ರ ಮಾರ್ಚ್‌ನಲ್ಲಿ ಚೆನ್ನೈನ ತರಬೇತಿ ಅಕಾಡೆಮಿಯಿಂದ ಹೊರಬಂತು. ಐದು ಹತ್ತಾಯಿತು, ಹತ್ತು ಹದಿನಾಲ್ಕಾಯಿತು. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ ಇಪ್ಪತ್ತು ವರ್ಷದ ಸೇವೆ ಬೇಕು. ಹದಿನಾಲ್ಕಕ್ಕೆ ನಿಲ್ಲಿಸಿದರೆ ನಲವತ್ತರ ಆಸುಪಾಸಿನಲ್ಲಿ ಬರಿಗೈಯಲ್ಲಿ ಹೊಸ ಬದುಕು ಹುಡುಕಬೇಕು. ಪುರುಷ ಅಧಿಕಾರಿಗಳಿಗೆ ಸೇವೆ ಕಾಯಂ ಮಾಡಿಸಿಕೊಳ್ಳುವ ಅವಕಾಶವಿತ್ತು. ಮಹಿಳೆಯರಿಗೆ ಅದು ಸಿಕ್ಕಿದ್ದು 2008ರಲ್ಲಿ, ಕಾನೂನು ಮತ್ತು ಶಿಕ್ಷಣ ವಿಭಾಗಗಳಲ್ಲಿ ಮಾತ್ರ.

ಬಬಿತಾ ಪೂನಿಯಾ ಎಂಬ ವಕೀಲೆ 2003ರಲ್ಲೇ ದೆಹಲಿ ಹೈಕೋರ್ಟಿಗೆ ಹೋಗಿದ್ದು ಈ ಕಾಯಂ ಸೇವೆಗಾಗಿಯೇ. 2010ರಲ್ಲಿ ಅಲ್ಲಿ ಗೆದ್ದರೂ ಸರ್ಕಾರ ಮೇಲ್ಮನವಿ ಹಾಕಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2020ರ ಫೆಬ್ರುವರಿ 17ರಂದು. ಸರ್ಕಾರದ ವಾದದಲ್ಲಿ ತಾಯ್ತನವಿತ್ತು, ದೇಹಬಲವಿತ್ತು, ಶತ್ರುವಿನ ಸೆರೆಗೆ ಸಿಕ್ಕುವ ಭಯವಿತ್ತು. ಅದರ ಜೊತೆಗೆ, ಸೈನಿಕರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು, ಮಹಿಳೆಯ ಆಜ್ಞೆಯನ್ನು ಒಪ್ಪುವ ಮನಸ್ಥಿತಿ ಅವರಿಗಿನ್ನೂ ಬಂದಿಲ್ಲ ಎಂಬ ಮಾತೂ ಇತ್ತು. ಇದು ಮಹಿಳೆಗಷ್ಟೇ ಅಲ್ಲ, ಹಳ್ಳಿಯ ಸೈನಿಕನಿಗೂ ಮಾಡಿದ ಅವಮಾನ ಎಂದೇ ನಾನು ತಿಳಿಯುತ್ತೇನೆ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಗೆದ್ದು ಬಂದರು. ಅಂಥ ಊರುಗಳಿಂದಲೇ ಹುಡುಗರು ಸೇನೆಗೆ ಹೋಗಿದ್ದಾರೆ. ಪಂಚಾಯಿತಿ ಕಟ್ಟೆಯಲ್ಲಿ ಹೆಣ್ಣಿನ ಮಾತು ಕೇಳಿ ಬೆಳೆದವನು ಬ್ಯಾರಕ್ಕಿನಲ್ಲಿ ಕೇಳಲಾರ ಎಂದು ಯಾರು ಪರೀಕ್ಷಿಸಿ ನೋಡಿದ್ದರು? ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ಆ ವಾದವನ್ನು ತಳ್ಳಿಹಾಕಿ, ಕಾಯಂ ಸೇವೆಯ ಜೊತೆಗೆ ಕಮಾಂಡ್ ಹುದ್ದೆಗಳಿಗೂ ದಾರಿ ಮಾಡಿತು. ನೌಕಾಪಡೆಯ ಮಹಿಳೆಯರ ಪರವಾದ ತೀರ್ಪು ಮುಂದಿನ ತಿಂಗಳೇ ಬಂತು.

ಆದರೆ ತೀರ್ಪನ್ನು ಜಾರಿಗೆ ತಂದ ರೀತಿಯಲ್ಲೇ ಹೊಸ ಅಡ್ಡಿ ಹುಟ್ಟಿತು. ಪುರುಷರ ಆರೋಗ್ಯವನ್ನು ಸೇವೆಯ ಐದನೇ ಅಥವಾ ಹತ್ತನೇ ವರ್ಷದಲ್ಲಿ ಅಳೆಯಲಾಗಿತ್ತು. ಅದೇ ಮಾನದಂಡವನ್ನು ಹದಿನೈದು, ಇಪ್ಪತ್ತು ವರ್ಷ ದುಡಿದ ಮಹಿಳೆಯರ ಇಂದಿನ ದೇಹಕ್ಕೆ ಹಚ್ಚಿದರು. ಅವರ ವಾರ್ಷಿಕ ಗುಪ್ತ ವರದಿಗಳನ್ನು ಮೇಲಧಿಕಾರಿಗಳು, ಹೇಗೂ ಇವರ ಸೇವೆ ಕಾಯಂ ಆಗುವುದಿಲ್ಲವಲ್ಲ ಎಂದು, ಉದಾಸೀನದಿಂದಲೇ ಬರೆದಿದ್ದರು. ಈಗ ಅವೇ ವರದಿಗಳು ಅಳತೆಗೋಲಾದವು. 2021ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪರೋಕ್ಷ ತಾರತಮ್ಯವೆಂದು ಗುರುತಿಸಿತು. ನನ್ನ ಲೆಕ್ಕದಲ್ಲಿ ಈ ಇಡೀ ಹಾದಿಯ ಅತಿ ಮುಖ್ಯ ತೀರ್ಪು ಇದು. ಕಾಗದದ ಮೇಲೆ ಎಲ್ಲರಿಗೂ ಒಂದೇ ಆಗಿರುವ ನಿಯಮವೂ ಅನ್ಯಾಯ ಮಾಡಬಲ್ಲದು ಎಂಬುದನ್ನು ಅದು ಸೇನೆಯ ಕಡತಗಳಿಂದಲೇ ತೋರಿಸಿಕೊಟ್ಟಿತು.

ಆಮೇಲಿನದು ಬೇಗಬೇಗ ನಡೆಯಿತು. 2021ರ ಆಗಸ್ಟ್‌ನಲ್ಲಿ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. 2025ರ ಮೇ ತಿಂಗಳಲ್ಲಿ 17 ಯುವತಿಯರು ಅಲ್ಲಿಂದ ಹೊರಬಂದರು. ವಾಯುಪಡೆ 2016ರಲ್ಲೇ ಮೂವರನ್ನು ಯುದ್ಧವಿಮಾನಕ್ಕೆ ಆರಿಸಿತ್ತು. ಅವರು ಹಾಕ್ ವಿಮಾನ ಹಾರಿಸಲು ಕಲಿತದ್ದು ನಮ್ಮ ಬೀದರಿನಲ್ಲಿ. 2023ರಲ್ಲಿ ಫಿರಂಗಿ ದಳಕ್ಕೂ ಮಹಿಳಾ ಅಧಿಕಾರಿಗಳು ಬಂದರು. 2020ರ ತೀರ್ಪಿನಲ್ಲೇ ಹೆಸರು ಬಂದಿದ್ದ ಸೋಫಿಯಾ ಖುರೇಷಿ, ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ, 2025ರ ಮೇನಲ್ಲಿ ಆಪರೇಷನ್ ಸಿಂಧೂರದ ವಿವರವನ್ನು ದೇಶದ ಮುಂದಿಟ್ಟರು. ವಾರ ತುಂಬುವುದರೊಳಗೆ ಮಧ್ಯಪ್ರದೇಶದ ಸಚಿವರೊಬ್ಬರು ಅವರ ಧರ್ಮವನ್ನು ಎಳೆತಂದು ಮಾತಾಡಿದರು. ಎಫ್‌ಐಆರ್ ದಾಖಲಿಸಿ ಎಂದು ಅಲ್ಲಿನ ಹೈಕೋರ್ಟೇ ಆದೇಶಿಸಬೇಕಾಯಿತು. ಕರ್ನಲ್ ಹುದ್ದೆಗೇರಿದ ಮೇಲೂ ಹೆಣ್ಣೊಬ್ಬಳು ಇದನ್ನು ಕೇಳಿಸಿಕೊಳ್ಳಬೇಕೆಂದರೆ ನಾಚಿಕೆಯಾಗಬೇಕಾದದ್ದು ನಮಗೆ.

ಕಾಲಾಳು ಪಡೆ ಮತ್ತು ಟ್ಯಾಂಕ್ ಪಡೆಗಳು ಇನ್ನೂ ಮುಚ್ಚಿವೆ. ದೇಹಬಲದ ಪ್ರಶ್ನೆ ಅಲ್ಲಿ ನಿಜವಾದದ್ದೇ. ಕೆಲಸಕ್ಕೆ ತಕ್ಕ ಪರೀಕ್ಷೆಯಿಟ್ಟು, ಗೆದ್ದವರನ್ನು ಗಂಡು ಹೆಣ್ಣು ಎನ್ನದೆ ತೆಗೆದುಕೊಳ್ಳಲಿ. ಆದರೆ ನನ್ನ ಕಣ್ಣಿರುವುದು ಸಿಪಾಯಿ ದರ್ಜೆಯ ಮೇಲೆ. 2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಯುವತಿಯರು ತರಬೇತಿ ಮುಗಿಸಿ ಹೊರಬಂದರು, ಸಿಪಾಯಿಗಳಾಗಿ ಸೇರಿದ ಮೊದಲ ಮಹಿಳಾ ತಂಡ ಅದು. ಅವರ ನಂತರ ಅದೇ ದಾರಿಯಲ್ಲಿ ಬರುತ್ತಿರುವವರು ಅಗ್ನಿವೀರರು. ಅವರದು ನಾಲ್ಕು ವರ್ಷದ ಸೇವೆ, ಕೊನೆಗೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಮಂದಿಯನ್ನು. ಈ ಷರತ್ತು ಹುಡುಗರಿಗೂ ಇದೆ. ಆದರೆ ಉಳಿಯುವವರನ್ನು ಆರಿಸುವ ಅಂಕಗಳನ್ನು ಬರೆಯುವವರು ಯಾರು, ಆ ವರದಿಗಳಲ್ಲಿ ಈ ಹುಡುಗಿಯರಿಗೆ ಎಷ್ಟು ಗಮನ ಸಿಗುತ್ತಿದೆ ಎಂಬುದನ್ನು ಸೇನೆ ಮತ್ತು ಸಂಸತ್ತು ಈಗಲೇ ನೋಡಬೇಕು. ಮೊದಲ ತಂಡಗಳ ನಾಲ್ಕು ವರ್ಷ ಮುಗಿದ ಮೇಲೆ, ಮತ್ತೊಬ್ಬ ನಿತಿಶಾ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಅಲ್ಲ.