ಗಾತ್ರವೊಂದನ್ನೇ ನೋಡಿ ಆದ ಆಯ್ಕೆಯಲ್ಲ

ಒಂದು ಬೈಟೂ ಕಳೆಯದಂತೆ ಕಡತವನ್ನು ಕುಗ್ಗಿಸಬೇಕಾದಾಗ ತಂತ್ರಾಂಶ ಬರೆಯುವವರು ಮೊದಲು ಕೇಳುವುದು ‘ಎಷ್ಟು ಚಿಕ್ಕದಾಗುತ್ತದೆ?’ ಎಂದು. ಆದರೆ ನಾಲ್ಕು ದಶಕಗಳಲ್ಲಿ ಯಾವ ವಿಧಾನ ಉಳಿಯಿತು, ಯಾವುದು ಮೂಲೆ ಸೇರಿತು ಎಂಬುದನ್ನು ತೀರ್ಮಾನಿಸಿದ್ದು ಬಹುಪಾಲು ಬೇರೆಯೇ ಸಂಗತಿಗಳು. ಟೆರಿ ವೆಲ್ಚ್ 1984ರಲ್ಲಿ ಪ್ರಕಟಿಸಿದ ಎಲ್‌ಜೆಡ್‌ಡಬ್ಲ್ಯೂ ಸರಳವಾಗಿತ್ತು, ಚುರುಕಾಗಿತ್ತು. ಯುನಿಕ್ಸ್‌ನ ‘ಕಂಪ್ರೆಸ್’ ಅದನ್ನೇ ಬಳಸಿತು. 1987ರಲ್ಲಿ ಕಂಪ್ಯೂಸರ್ವ್ ಹೊರತಂದ ಜಿಫ್ ಚಿತ್ರಗಳೂ ಅದನ್ನೇ ನಂಬಿದವು. ತೊಡಕು ಇದ್ದದ್ದು ಪೇಟೆಂಟಿನಲ್ಲಿ. ಅದು ಯುನಿಸಿಸ್ ಕಂಪನಿಯ ಕೈಸೇರಿ, 1994ರ ಕೊನೆಯಲ್ಲಿ ಜಿಫ್ ಬಳಸುವ ತಂತ್ರಾಂಶಗಳು ಪರವಾನಗಿ ಶುಲ್ಕ ಕೊಡಬೇಕೆಂಬ ಮಾತು ಬಂದಾಗ ಗದ್ದಲವೆದ್ದಿತು. ಚಿತ್ರಗಳಿಗೆ ಪಿಎನ್‌ಜಿ ಹುಟ್ಟಿದ್ದು ಆ ಗದ್ದಲದಲ್ಲೇ. ಗ್ನೂ ಬಳಗ ಮಾತ್ರ ಮೊದಲೇ ಎಚ್ಚೆತ್ತು, 1992ರಲ್ಲಿ ಕಂಪ್ರೆಸ್‌ಗೆ ಬದಲಾಗಿ ಜಿಜಿಪ್ ತಂದಿತ್ತು. ಅದರೊಳಗಿನ ಡಿಫ್ಲೇಟ್ ಮಾಡುವ ಕೆಲಸ ಇಷ್ಟು: ಹಿಂದಿನ 32 ಕಿಲೋಬೈಟ್‌ಗಳಲ್ಲಿ ಬಂದ ಸಾಲು ಮತ್ತೆ ಬಂದರೆ, ಅದನ್ನು ಬರೆಯದೆ ‘ಇಷ್ಟು ಹಿಂದೆ ಹೋಗಿ ಇಷ್ಟನ್ನು ನಕಲಿಸು’ ಎಂದು ಗುರುತು ಹಾಕುವುದು, ಆಮೇಲೆ ಹೆಚ್ಚು ಸಲ ಬರುವ ಗುರುತಿಗೆ ಚಿಕ್ಕ ಸಂಕೇತ ಕೊಡುವುದು. ಜಿಜಿಪ್ ಕಂಪ್ರೆಸ್‌ಗಿಂತ ಚೆನ್ನಾಗಿಯೇ ಕುಗ್ಗಿಸುತ್ತಿತ್ತು, ನಿಜ. ಆದರೆ ಅದನ್ನು ಹುಡುಕಿಕೊಂಡು ಹೋಗುವಂತೆ ಮಾಡಿದ್ದು ಪೇಟೆಂಟಿನ ಭಯ.

ಹಾಗಾದರೆ ಆಮೇಲಿನ ಕುಗ್ಗಿಸುವ ವಿಧಾನಗಳಾದ ಬಿಜಿಪ್2, ಎಕ್ಸ್‌ಜೆಡ್ ಬಂದದ್ದು ಗಾತ್ರದ ಬಲದಿಂದಲೇ ಅಲ್ಲವೇ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ, ಲಿನಕ್ಸ್ ಕರ್ನಲ್‌ನ ತಾಣ 2013ರ ಕೊನೆಯಲ್ಲಿ ಬಿಜಿಪ್2 ಕೈಬಿಟ್ಟು ಎಕ್ಸ್‌ಜೆಡ್ ಉಳಿಸಿಕೊಂಡಿತು. ಆದರೆ ಜಿಜಿಪ್ ಅಲ್ಲಿಂದ ಕದಲಲಿಲ್ಲ. ಬಿಚ್ಚುವ ವೇಗವೂ ಲೆಕ್ಕಕ್ಕೆ ಬರುತ್ತದೆ: ತಂತ್ರಾಂಶ ಹಂಚುವ ಪ್ಯಾಕೇಜನ್ನು ಕುಗ್ಗಿಸುವುದು ಒಂದು ಸಲ, ಬಿಚ್ಚುವುದು ಲಕ್ಷಾಂತರ ಯಂತ್ರಗಳಲ್ಲಿ. ಈ ಲೆಕ್ಕವನ್ನು ಆರ್ಚ್ ಲಿನಕ್ಸ್ ಬಳಗ 2020ರ ಹೊಸ್ತಿಲಲ್ಲಿ ಬಿಡಿಸಿ ಹೇಳಿತು: ಎಕ್ಸ್‌ಜೆಡ್‌ನಿಂದ ಯಾನ್ ಕೊಲೆ ಎಂಬವರು ರೂಪಿಸಿದ ಜೆಡ್‌ಸ್ಟ್ಯಾಂಡರ್ಡ್‌ಗೆ ಹೋದಾಗ ಪ್ಯಾಕೇಜುಗಳ ಒಟ್ಟು ಗಾತ್ರ ಸುಮಾರು 0.8% ಹೆಚ್ಚಿತು, ಬಿಚ್ಚುವ ವೇಗ ಸುಮಾರು 1300% ಏರಿತು. ಇಂಥ ಕಡೆ ಒಂದು ಪರ್ಸೆಂಟಿಗೆ ಜಗ್ಗಾಡುವುದು ಹಟವೇ ಹೊರತು ಜಾಣತನವಲ್ಲ. ಹಳೆಯ ಕಡತಗಳನ್ನು ಕಟ್ಟಿಡುವ ಸಂಗ್ರಹಕ್ಕೆ ಮಾತ್ರ ಈ ವಾದ ಒಪ್ಪದು. ಅಲ್ಲಿ ಬಿಚ್ಚುವವರೇ ವಿರಳ, ಜಾಗದ್ದೇ ಚಿಂತೆ.

ಈ ತೂಕಕ್ಕೆ 2024ರ ಮಾರ್ಚ್‌ನಲ್ಲಿ ಇನ್ನೊಂದು ಬಟ್ಟು ಸೇರಿತು: ನಂಬಿಕೆ. ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್, ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇರುವುದನ್ನು ಪತ್ತೆಹಚ್ಚಿದರು. ವರ್ಷಗಟ್ಟಲೆ ಸಹಾಯ ಮಾಡುತ್ತ ವಿಶ್ವಾಸ ಗಳಿಸಿ ನಿರ್ವಾಹಕನಾಗಿದ್ದ ವ್ಯಕ್ತಿಯೇ ಅದನ್ನು ಸೇರಿಸಿದ್ದು. ಬಚ್ಚಿಟ್ಟಿದ್ದು, ತಂತ್ರಾಂಶವನ್ನು ಪರೀಕ್ಷಿಸಲು ಇಟ್ಟಂತಿದ್ದ ಕುಗ್ಗಿಸಿದ ಕಡತಗಳಲ್ಲೇ.