ಮಗನಿಗೆ ಗೊತ್ತಿಲ್ಲದೆ ಅಪ್ಪ ಬರೆದ ಕಾಗದ

1/4
'ತಿಳಿಸ್ತೀವಿ' ಅಂದ ಎಚ್‌ಆರ್ ಕಡೆಯಿಂದ ಸದ್ದೇ ಇಲ್ಲ ಅಂತ ದಿನಕ್ಕೆ ಹತ್ತು ಸಲ ಮೇಲ್ ನೋಡ್ತಾ ಇರೋರೆಲ್ಲ ಇದನ್ನ ಓದಿ. ಕಥೆ 1901ರದ್ದು. ಹುಡುಗನ ಹೆಸರು ಆಲ್ಬರ್ಟ್ ಐನ್‌ಸ್ಟೈನ್, ವಯಸ್ಸು 22. ನನಗಿಂತ ಎರಡೇ ವರ್ಷ ದೊಡ್ಡವನು, ಅದಕ್ಕೆ 'ಅವನು' ಅಂತಲೇ ಬರೀತೀನಿ.

ಹಿಂದಿನ ವರ್ಷ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ್ದ. ಅವನ ಸೆಕ್ಷನ್‌ನಲ್ಲಿ ಜೊತೆಗೆ ಪಾಸಾದವರಿಗೆಲ್ಲ ಅಲ್ಲೇ ಪ್ರೊಫೆಸರ್‌ಗಳ ಸಹಾಯಕರ ಕೆಲಸ ಸಿಕ್ಕಿತು. ಇವನಿಗೊಬ್ಬನಿಗೆ ಇಲ್ಲ.

2/4
ಮಾರ್ಚ್ 19ರಂದು ಲೈಪ್‌ಜಿಗ್‌ನ ಪ್ರೊಫೆಸರ್ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್‌ಗೆ ತನ್ನ ಮೊದಲ ಪ್ರಬಂಧ ಕಳಿಸಿ, ಕೆಲಸ ಇದೆಯಾ ಅಂತ ಕೇಳಿದ. ಎರಡು ವಾರ ಕಾದ. ಏಪ್ರಿಲ್ 3ಕ್ಕೆ ಇನ್ನೊಂದು ಕಾರ್ಡ್: ಹೋದ ಸಲ ವಿಳಾಸ ಬರೆದಿದ್ದೆನೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಈಗ ಕಳಿಸ್ತಿದ್ದೀನಿ ಅಂತ. 'ಸರ್, ನನ್ನ ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು' ಅಂತ ನಾವು ಹಾಕೋ ಫಾಲೋ-ಅಪ್ ಇದೆಯಲ್ಲ, ಅದೇ ನೆಪ!

ಆಗ ಜೋಡಿ ಪೋಸ್ಟ್‌ಕಾರ್ಡ್ ಸಿಗ್ತಿತ್ತು. ಒಂದರಲ್ಲಿ ನೀವು ಬರೆಯೋದು, ಇನ್ನೊಂದು ಉತ್ತರಕ್ಕೆ. ಅದರ ಅಂಚೆ ದುಡ್ಡೂ ನಿಮ್ಮದೇ. ಏಪ್ರಿಲ್ 12ರಂದು ಅಂಥದ್ದೊಂದು ಹಾಲೆಂಡಿನ ಲೈಡನ್‌ಗೆ, ಕಾಮರ್‌ಲಿಂಗ್ ಓನ್ಸ್ ಅನ್ನೋ ಪ್ರೊಫೆಸರ್‌ಗೆ ಹೋಯಿತು. ಅದು ಇವತ್ತಿಗೂ ಲೈಡನ್ನಿನ ಬೂರ್‌ಹಾವೆ ಮ್ಯೂಸಿಯಂನಲ್ಲಿದೆ. ಉತ್ತರದ ಕಾರ್ಡ್ ಬಳಕೆಯೇ ಆಗಲಿಲ್ಲ.

3/4
ಈಗ ಅಪ್ಪ. ಹೆರ್ಮನ್ ಐನ್‌ಸ್ಟೈನ್ ವ್ಯಾಪಾರಸ್ಥರು. ಮ್ಯೂನಿಕ್‌ನಲ್ಲಿ ತಮ್ಮನ ಜೊತೆ ನಡೆಸಿದ ವಿದ್ಯುತ್ ಉಪಕರಣಗಳ ಕಂಪನಿ ಮುಚ್ಚಿತ್ತು, ಇಟಲಿಗೆ ಬಂದು ಶುರು ಮಾಡಿದ್ದೂ ಮುಳುಗಿತ್ತು. ಬಿಕಾಂ ಭಾಷೆಯಲ್ಲಿ ಹೇಳಬೇಕಂದ್ರೆ, ಆ ಮನೆಯ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಕಡೆಯೇ ಭಾರ. ಕೆಲಸವಿಲ್ಲದ ಮಗ ಈಗ ಮಿಲಾನ್‌ನಲ್ಲಿ ಅವರ ಮನೆಯಲ್ಲೇ ಇದ್ದ.

ಏಪ್ರಿಲ್ 13ರಂದು ಆ ಅಪ್ಪ ಓಸ್ಟ್‌ವಾಲ್ಡ್‌ಗೆ ತಾವೇ ಕಾಗದ ಬರೆದರು. ಮೊದಲು ಕ್ಷಮೆ ಕೇಳಿದರು. ಮಗ ತುಂಬಾ ನೊಂದಿದ್ದಾನೆ, ಮನೆಗೆ ಹೊರೆಯಾಗ್ತಿದ್ದೀನಿ ಅಂದ್ಕೊಂಡಿದ್ದಾನೆ ಅಂದರು. ಕೆಲಸ ಕೊಟ್ಟರೆ ಉಪಕಾರ. ಆದರೆ ಅವರು ಮುಖ್ಯವಾಗಿ ಬೇಡಿದ್ದು ಅವನ ಪ್ರಬಂಧ ಓದಿ ಧೈರ್ಯದ ಎರಡು ಸಾಲು ಬರೀರಿ ಅಂತ. ಈ ಕಾಗದದ ವಿಷಯ ಮಗನಿಗೆ ಗೊತ್ತಿಲ್ಲ ಅಂತಲೂ ಸೇರಿಸಿದರು.

ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ನಮಗೆ ಕೇಳಿಸದ ಹಾಗೆ ಯಾರಿಗೋ ಫೋನ್ ಮಾಡಿ 'ನಮ್ಮ ಹುಡುಗಂದು ಸ್ವಲ್ಪ ನೋಡಿ' ಅಂತಾರೆ. ಗೊತ್ತಾದ್ರೆ ನಾವು ರೇಗ್ತೀವಿ.

ಓಸ್ಟ್‌ವಾಲ್ಡ್ ಉತ್ತರ ಬರೆದ ದಾಖಲೆ ಇಲ್ಲ. (ಇದೇ ಓಸ್ಟ್‌ವಾಲ್ಡ್ ಮುಂದೆ, 1910ರ ನೊಬೆಲ್‌ಗೆ, ಐನ್‌ಸ್ಟೈನ್ ಹೆಸರು ಸೂಚಿಸಿದ ಮೊದಲಿಗರು!)

4/4
ಕೊನೆಗೆ ದಾರಿ ಮಾಡಿಕೊಟ್ಟವನು ಕ್ಲಾಸ್‌ಮೇಟ್ ಮಾರ್ಸೆಲ್ ಗ್ರಾಸ್‌ಮನ್. ಅವನ ಅಪ್ಪನಿಗೆ ಬರ್ನ್‌ನ ಪೇಟೆಂಟ್ ಕಚೇರಿಯ ನಿರ್ದೇಶಕರ ಪರಿಚಯವಿತ್ತು. ಹೌದು, ರೆಫರಲ್ಲೇ. ಆದರೂ ಹುದ್ದೆಯ ಜಾಹೀರಾತು ಬರೋವರೆಗೆ ಕಾಯಲೇಬೇಕಿತ್ತು. ಡಿಸೆಂಬರ್ 18ಕ್ಕೆ ಅರ್ಜಿ ಹಾಕಿದ. ಉತ್ತರ ಬರೋ ಮೊದಲೇ ಬರ್ನ್‌ಗೆ ಹೋಗಿ, ಗಣಿತ-ಭೌತಶಾಸ್ತ್ರ ಟ್ಯೂಷನ್ ಹೇಳಿಕೊಡ್ತೀನಿ, ಟ್ರಯಲ್ ಕ್ಲಾಸ್ ಫ್ರೀ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ.

1902ರ ಜೂನ್ 16ಕ್ಕೆ ನೇಮಕವಾಯಿತು. ಅರ್ಜಿ ಹಾಕಿ ಸರಿಯಾಗಿ 180 ದಿನ. ಹುದ್ದೆ ಮೂರನೇ ದರ್ಜೆ ತಾಂತ್ರಿಕ ತಜ್ಞ, ಅದೂ ತಾತ್ಕಾಲಿಕ. ಸಂಬಳ ವರ್ಷಕ್ಕೆ 3,500 ಫ್ರಾಂಕ್.

ಹೆರ್ಮನ್ ಅದೇ ಅಕ್ಟೋಬರ್ 10ರಂದು ಮಿಲಾನ್‌ನಲ್ಲಿ ತೀರಿಕೊಂಡರು. ಮಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ.